ಹತ್ತಿರ ಕರೆಯುವ ಸೌಜನ್ಯ, ಜಾಗ ಬಿಡುವ ಸೌಜನ್ಯ

ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ಬಸ್ಸು ಹತ್ತಿ ಕೂತಿದ್ದೀರಿ ಅಂದುಕೊಳ್ಳಿ. ಬಸ್ಸು ಊರು ದಾಟುವುದರೊಳಗೆ ಪಕ್ಕದವರು ‘ಯಾವೂರ್ರೀ ನಿಮ್ದು?’ ಎಂದು ಕೇಳಿರುತ್ತಾರೆ. ಅಣ್ಣಿಗೇರಿ ಬರುವ ಹೊತ್ತಿಗೆ ನಿಮ್ಮ ಕೆಲಸ, ಮನೆಮಂದಿ, ಮಕ್ಕಳ ಓದು ಎಲ್ಲವೂ ಅವರಿಗೆ ಗೊತ್ತು. ಅವರ ಕೈಯಲ್ಲಿ ಹುರಿದ ಶೇಂಗಾ ಇದ್ದರೆ ಅದರಲ್ಲಿ ನಿಮಗೂ ಪಾಲು. ಈಗ ಬೆಂಗಳೂರಿನ ಮೆಟ್ರೋಗೆ ಬನ್ನಿ. ಮೆಜೆಸ್ಟಿಕ್‌ನಿಂದ ಇಂದಿರಾನಗರದವರೆಗೆ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತರೂ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ.

ಬಸ್ಸಿನವರ ಕಣ್ಣಿಗೆ ಮೆಟ್ರೋದವರು ಸೊಕ್ಕಿನ ಮಂದಿ. ಮೆಟ್ರೋದವರ ಕಣ್ಣಿಗೆ ಬಸ್ಸಿನವರು ಊರ ಉಸಾಬರಿಯವರು. ನೋಡಿದರೆ ಇಬ್ಬರೂ ಮರ್ಯಾದೆಯಿಂದಲೇ ನಡೆದುಕೊಳ್ಳುತ್ತಿದ್ದಾರೆ. ಒಬ್ಬರು ಹತ್ತಿರ ಕರೆಯುತ್ತಿದ್ದಾರೆ, ಇನ್ನೊಬ್ಬರು ಜಾಗ ಬಿಡುತ್ತಿದ್ದಾರೆ.

ಸೌಜನ್ಯದ ಬಗ್ಗೆ ನಮ್ಮಲ್ಲಿ ಉಪದೇಶಕ್ಕೇನೂ ಬರ ಇಲ್ಲ. ನಗುನಗುತ್ತಾ ಮಾತಾಡಿ, ದೊಡ್ಡವರಿಗೆ ಮರ್ಯಾದೆ ಕೊಡಿ, ಬಂದವರನ್ನು ವಿಚಾರಿಸಿಕೊಳ್ಳಿ. ಆದರೆ ಅದು ಒಳಗೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ, ಒಳ್ಳೆ ಮನಸ್ಸಿನಿಂದ ಆಡಿದ ಮಾತೂ ಒಮ್ಮೊಮ್ಮೆ ಯಾಕೆ ಚುಚ್ಚುತ್ತದೆ ಎಂದು ಬಿಡಿಸಿ ಹೇಳುವವರು ಕಡಿಮೆ. ಸಮಾಜಶಾಸ್ತ್ರದವರು, ಭಾಷಾಶಾಸ್ತ್ರದವರು ಈ ಕೆಲಸವನ್ನು ಸಾಕಷ್ಟು ಮಾಡಿದ್ದಾರೆ. ಅದರ ಒಂದು ಮುಖ್ಯ ಎಳೆ ಸಿಕ್ಕಿದ್ದು ದೂರದಲ್ಲೆಲ್ಲೂ ಅಲ್ಲ, ನಮ್ಮ ಪಕ್ಕದ ಕೊಯಮತ್ತೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ.

ಮುಖ ಉಳಿಸುವ ಕೆಲಸ

ಮೊದಲು ಅರ್ವಿಂಗ್ ಗಾಫ್‌ಮನ್ ಅವರಿಂದ ಶುರು ಮಾಡೋಣ. ಕೆನಡಾದಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ ಬಹಳ ದಿನ ಇದ್ದು, ಅಲ್ಲಿನ ಜನ ಮನೆಯಲ್ಲಿ, ಹೋಟೆಲಿನಲ್ಲಿ ಒಬ್ಬರ ಜೊತೆ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎಂದು ಕೂತು ನೋಡಿದವರು. 1955ರಲ್ಲಿ ಅವರು ‘ಮುಖ’ದ ಬಗ್ಗೆ ಒಂದು ಪ್ರಬಂಧ ಬರೆದರು. ನಾಲ್ಕು ಜನರ ನಡುವೆ ಬಂದಾಗ ಪ್ರತಿಯೊಬ್ಬರೂ ತಮ್ಮ ಬಗ್ಗೆ ಒಂದು ಚಿತ್ರ ಹೊತ್ತುಕೊಂಡು ಬಂದಿರುತ್ತಾರೆ: ನಾನು ಬುದ್ಧಿವಂತ, ನಾನು ಬೇಕಾದವನು, ನಾನು ಯಾರಿಗೂ ಕಡಿಮೆಯಲ್ಲ. ಆ ಚಿತ್ರವನ್ನು ಒಬ್ಬರೇ ಕಾಪಾಡಿಕೊಳ್ಳಲು ಆಗುವುದಿಲ್ಲ. ಸುತ್ತ ಇರುವವರು ಕೈ ಜೋಡಿಸಬೇಕು. ನಾನು ನಿಮ್ಮ ಮುಖ ಉಳಿಸುತ್ತೇನೆ, ನೀವು ನನ್ನದು ಉಳಿಸುತ್ತೀರಿ. ಸೌಜನ್ಯದ ಬಹುಪಾಲು ಇಷ್ಟೇ ಎಂದರು ಗಾಫ್‌ಮನ್. ‘ಇನ್ನು ಯಾವ ಮುಖ ಇಟ್ಕೊಂಡು ಅವರ ಮನೆಗೆ ಹೋಗ್ಲಿ’ ಎಂದು ಕೇಳುವ ನಮಗೆ ಇದು ಹೊಸ ಸುದ್ದಿಯೇನಲ್ಲ.

ಮದುವೆ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ದೂರದ ನೆಂಟರೊಬ್ಬರು ಎದುರು ನಿಂತು, ಕೈ ಹಿಡಿದುಕೊಂಡು, ‘ನಾನು ಯಾರು ಹೇಳು ನೋಡೋಣ?’ ಎನ್ನುತ್ತಾರೆ. ಅವರ ಮಟ್ಟಿಗೆ ಅದು ಸಲುಗೆ. ಹೆಸರು ನೆನಪಾಗದವರಿಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸುತ್ತದೆ. ಅದೇ ಇನ್ನೊಬ್ಬರು ಬಂದು, ‘ನಾನು ತಿಪಟೂರಿನ ನಿಮ್ಮ ಅತ್ತೆಯ ಮೈದುನ, ನೀವು ಚಿಕ್ಕವರಿದ್ದಾಗ ನೋಡಿದ್ದು’ ಎಂದು ತಾವೇ ಹೇಳಿಬಿಡುತ್ತಾರೆ. ಒಂದೇ ವಾಕ್ಯ. ಎದುರಿನವರ ಮರೆವು ಹೊರಗೆ ಬೀಳುವ ಮೊದಲೇ ಅದಕ್ಕೆ ಮುಚ್ಚಳ ಹಾಕಿದರು. ನನ್ನ ಲೆಕ್ಕದಲ್ಲಿ ಆ ಮದುವೆಯ ಅತಿ ದೊಡ್ಡ ಸೌಜನ್ಯ ಅದೇ.

ಮೆಟ್ರೋದಲ್ಲಿ ಕಾಣುವ ಮೌನವನ್ನೂ ಗಾಫ್‌ಮನ್ 1963ರ ಹೊತ್ತಿಗೆ ವಿವರಿಸಿದ್ದರು. ಅಪರಿಚಿತರು ಎದುರಾದಾಗ ಒಂದು ಗಳಿಗೆ ನೋಡುತ್ತೇವೆ, ‘ನೀವಿರುವುದು ಗೊತ್ತಾಯ್ತು’ ಎಂದು ಕಣ್ಣಲ್ಲೇ ಒಪ್ಪಿಕೊಳ್ಳುತ್ತೇವೆ, ಆಮೇಲೆ ನೋಟ ತೆಗೆಯುತ್ತೇವೆ. ನಿಮ್ಮಿಂದ ನನಗೇನೂ ಬೇಕಿಲ್ಲ, ನನ್ನಿಂದ ನಿಮಗೆ ಭಯವೂ ಬೇಡ ಎನ್ನುವುದು ಅದರ ಅರ್ಥ. ದಿಟ್ಟಿಸಿ ನೋಡುವುದೇ ಬೇರೆ. ಎದುರಿಗೆ ಮನುಷ್ಯರೇ ಇಲ್ಲವೆಂಬಂತೆ ನೋಡುವುದೂ ಬೇರೆ. ನೆಲ ಒರೆಸುತ್ತಿರುವವರ ಮೇಲೆ ನಮ್ಮ ನೋಟ ಸುಮ್ನೆ ಹಾದು ಹೋಗುತ್ತದಲ್ಲ, ಅದನ್ನು ಜಾಗ ಬಿಡುವ ಸೌಜನ್ಯದ ಲೆಕ್ಕಕ್ಕೆ ಸೇರಿಸಿಕೊಳ್ಳಲು ಬರುವುದಿಲ್ಲ.

ಪೆನ್ನಿಗೆ ಒಂದು ಮಾತು, ಸಾಲಕ್ಕೆ ಇನ್ನೊಂದು

ಈಗ ಕೊಯಮತ್ತೂರಿನ ಕಥೆ. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ಇಬ್ಬರು ಭಾಷಾ ಸಂಶೋಧಕರು ಮೂರು ಭಾಷೆಗಳ ಮಾತುಕತೆಯನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದು ಇಂಗ್ಲಿಷ್. ಇನ್ನೊಂದು ಮೆಕ್ಸಿಕೋದ ಮಾಯಾ ಜನರಾಡುವ ಟ್ಸೆಲ್ಟಾಲ್. ಮೂರನೆಯದು ಕೊಯಮತ್ತೂರು ಜಿಲ್ಲೆಯ ಹಳ್ಳಿಯ ತಮಿಳು. ಮೂರಕ್ಕೂ ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲ. ಆದರೂ ನಯವಾಗಿ ಮಾತಾಡಲು ಜನ ಬಳಸುವ ಉಪಾಯಗಳು ಬೆರಗಾಗುವಷ್ಟು ಹೋಲುತ್ತಿದ್ದವು. 1978ರಲ್ಲಿ ಅವರು ಇದನ್ನು ಪ್ರಕಟಿಸಿದರು. ಸೌಜನ್ಯದ ಬಗ್ಗೆ ಯಾರು ಏನು ಬರೆದರೂ ಇವತ್ತಿಗೂ ಒಪ್ಪುವುದಕ್ಕೋ ಜಗಳ ಆಡುವುದಕ್ಕೋ ಇವರ ಹತ್ತಿರ ಬರಲೇಬೇಕು.

ಅವರು ಹೇಳಿದ್ದು ಇಷ್ಟು. ಗಾಫ್‌ಮನ್ ಹೇಳಿದ ‘ಮುಖ’ದ ಒಳಗೆ ಎರಡು ಆಸೆಗಳಿವೆ. ನನ್ನನ್ನು ಮೆಚ್ಚಲಿ, ತಮ್ಮವನೆಂದು ಸೇರಿಸಿಕೊಳ್ಳಲಿ ಎನ್ನುವುದು ಒಂದು. ನನ್ನ ಪಾಡಿಗೆ ನನ್ನನ್ನು ಬಿಡಲಿ, ನನ್ನ ಮೇಲೆ ಹೇರದಿರಲಿ ಎನ್ನುವುದು ಇನ್ನೊಂದು. ಎರಡೂ ಎಲ್ಲರಲ್ಲೂ ಇರುತ್ತವೆ, ಎರಡೂ ಎದುರುಬದುರು ಎಳೆಯುತ್ತವೆ. ಹೆಗಲ ಮೇಲೆ ಕೈ ಹಾಕಿದರೆ ಮೊದಲನೆಯದು ಖುಷಿಯಾಗುತ್ತದೆ, ಎರಡನೆಯದು ಮುದುಡುತ್ತದೆ. ದೂರ ನಿಂತು ‘ತಮ್ಮ ಸಮಯ ಹಾಳು ಮಾಡಬಾರದು ಅಂತ’ ಎಂದರೆ ಎರಡನೆಯದಕ್ಕೆ ಸಮಾಧಾನ, ಮೊದಲನೆಯದಕ್ಕೆ ‘ನಾನೇನು ಪರಕೀಯನಾ?’ ಎಂಬ ಬೇಸರ.

ಹಾಗಾದರೆ ಎಷ್ಟು ಹತ್ತಿರ, ಎಷ್ಟು ದೂರ ಎಂದು ತೀರ್ಮಾನಿಸುವುದು ಹೇಗೆ? ಮಾತಾಡುವ ಮೊದಲು ನಾವು ನಮಗೇ ಗೊತ್ತಿಲ್ಲದೆ ಮೂರು ಲೆಕ್ಕ ಹಾಕುತ್ತೇವಂತೆ. ಇವರು ನನಗೆ ಎಷ್ಟು ಪರಿಚಯ? ನನಗಿಂತ ಇವರ ಕೈ ಎಷ್ಟು ಮೇಲೆ? ನಾನು ಕೇಳುತ್ತಿರುವುದು ಎಷ್ಟು ಭಾರದ್ದು?

ಬ್ಯಾಂಕಿನ ಕೌಂಟರಿನಲ್ಲಿ ಪಕ್ಕದವರ ಹತ್ತಿರ ಪೆನ್ನು ಕೇಳಬೇಕು. ‘ಸ್ವಲ್ಪ ಪೆನ್ನು ಕೊಡ್ತೀರಾ?’ ಸಾಕು. ಪೆನ್ನನ್ನು ಯಾರೂ ಸ್ವಲ್ಪ ಕೊಡುವುದಿಲ್ಲ, ಪೂರ್ತಿಯೇ ಕೊಡುತ್ತಾರೆ. ಆ ‘ಸ್ವಲ್ಪ’ ಇರುವುದು ಪೆನ್ನಿಗಲ್ಲ, ನಾವು ಕೊಡುವ ತೊಂದರೆಗೆ. ಗೆಳೆಯನ ಹತ್ತಿರವಾದರೆ ‘ಲೋ, ಪೆನ್ ಕೊಡೋ’. ಅಲ್ಲಿ ‘ದಯವಿಟ್ಟು’ ಅಂದರೆ ಅವನು ನಮ್ಮ ಹಣೆ ಮುಟ್ಟಿ ನೋಡುತ್ತಾನೆ. ಈಗ ಅದೇ ಗೆಳೆಯನ ಹತ್ತಿರ 50,000 ರೂಪಾಯಿ ಸಾಲ ಕೇಳಬೇಕು. ‘ಲೋ, ಐವತ್ತು ಸಾವಿರ ಕೊಡೋ’ ಎಂದು ಬಾಯಿ ಬರುತ್ತದಾ? ಮೊದಲು ಕಾಫಿ. ಆಮೇಲೆ ‘ಮನೆಯಲ್ಲಿ ಎಲ್ಲಾ ಆರಾಮಾ?’ ಆಮೇಲೆ ಒಂದು ಉಸಿರು. ‘ಈ ತಿಂಗಳು ಸ್ವಲ್ಪ ಕಷ್ಟ ಆಗಿಬಿಟ್ಟಿದೆ ಕಣೋ.’ ಅಷ್ಟಕ್ಕೇ ನಿಲ್ಲಿಸುತ್ತೇವೆ. ಸಾಲ ಎಂಬ ಮಾತೇ ಬಂದಿಲ್ಲ. ಅವನಿಗೆ ಕೊಡುವ ಮನಸ್ಸಿದ್ದರೆ ‘ಎಷ್ಟು ಬೇಕಿತ್ತು?’ ಎನ್ನುತ್ತಾನೆ. ಇಲ್ಲದಿದ್ದರೆ ‘ಹೌದಪ್ಪಾ, ಎಲ್ಲರದೂ ಅದೇ ಕಥೆ’ ಎನ್ನುತ್ತಾನೆ. ಯಾರೂ ಕೇಳಲಿಲ್ಲ, ಯಾರೂ ಇಲ್ಲ ಅನ್ನಲಿಲ್ಲ, ಇಬ್ಬರ ಮುಖವೂ ಉಳಿಯಿತು. ನಾಳೆ ಮತ್ತೆ ಒಟ್ಟಿಗೆ ಕಾಫಿ ಕುಡಿಯಬಹುದು.

ಬೆಂಗಳೂರಿಗೆ ಹೊಸದಾಗಿ ಬಂದವರು ‘ಕನ್ನಡದವರು ನೋಡೋಣ ಅಂದರೆ ಆಗಲ್ಲ ಅಂತ ಅರ್ಥ, ನೇರವಾಗಿ ಹೇಳೋಕೆ ಏನು ಕಷ್ಟ?’ ಎಂದು ದೂರುವುದನ್ನು ಕೇಳಿದ್ದೇನೆ. ಕಷ್ಟ ಏನೂ ಇಲ್ಲ. ಕೇಳಿದವರಿಗೆ ತಮ್ಮ ಮಾತನ್ನು ಸದ್ದಿಲ್ಲದೆ ವಾಪಸ್ ತೆಗೆದುಕೊಳ್ಳಲು ಒಂದು ದಾರಿ ಬಿಟ್ಟಿರುತ್ತೇವೆ. ಆದರೆ ಆ ದಾರಿ ಕೇಳಿದವರಿಗೂ ಕಾಣಬೇಕು. ಕಾಣದವರ ಜೊತೆ ‘ನೋಡೋಣ’ ಎಂದು ತಿಂಗಳುಗಟ್ಟಲೆ ಅಲೆದಾಡಿಸುವುದು ಒರಟುತನವೇ.

ಇನ್ನೊಂದು ಹೋಳಿಗೆ

ಎರಡು ಸೌಜನ್ಯಗಳು ಡಿಕ್ಕಿ ಹೊಡೆಯುವುದನ್ನು ನೋಡಬೇಕೆಂದರೆ ಊಟದ ಪಂಕ್ತಿಗೆ ಬರಬೇಕು. ಬಡಿಸುವವರು ಒತ್ತಾಯ ಮಾಡದಿದ್ದರೆ ‘ಉಪಚಾರವೇ ಇಲ್ಲ’ ಎಂಬ ಮಾತು ಬರುತ್ತದೆ. ಉಣ್ಣುವವರು ಮೊದಲ ಸಲಕ್ಕೇ ‘ಹಾಕಿ’ ಎಂದರೆ ಹೊಟ್ಟೆಬಾಕ ಎನ್ನಿಸಿಕೊಳ್ಳುತ್ತಾರೆ. ಹಾಗಾಗಿ ಬೇಕಿದ್ದರೂ ‘ಸಾಕು’ ಅನ್ನಬೇಕು, ‘ಸಾಕು’ ಅಂದರೂ ಹಾಕಬೇಕು. ನಾಟಕ ಇಬ್ಬರಿಗೂ ಗೊತ್ತು. ತೊಂದರೆ ಆಗುವುದು ನಿಜವಾಗಿ ಸಾಕಾದವರಿಗೆ. ಸಕ್ಕರೆ ಕಾಯಿಲೆಯವರು ‘ಸಾಕು’ ಅಂದರೂ ಅದು ನಾಟಕದ ‘ಸಾಕು’ವಿನಂತೆಯೇ ಕೇಳಿಸುತ್ತದೆ. ಕೊನೆಗೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗಬೇಕಾಗುತ್ತದೆ. ಪಂಕ್ತಿಯಲ್ಲಿ ಅಡ್ಡಾಡುತ್ತಾ ಯಾರ ಕೈ ಎಲೆಯ ಮೇಲೆ ಗಟ್ಟಿಯಾಗಿದೆ, ಯಾರದು ಸುಮ್ನೆ ತೋರಿಕೆಗೆ ಎಂದು ಓದಬಲ್ಲ ಹಿರಿಯರು ಪ್ರತಿ ಊರಲ್ಲೂ ಇರುತ್ತಾರೆ. ಅವರು ಹತ್ತಿರವೂ ಕರೆಯುತ್ತಾರೆ, ಜಾಗವನ್ನೂ ಬಿಡುತ್ತಾರೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬಂದವರ ಮುಂದೆ ಮೊದಲು ನೀರು ಬೆಲ್ಲ ತಂದಿಡುವ ರೂಢಿಯೂ ಇಂಥದ್ದೇ. ದಣಿದವರು ತಮಗೆ ಬೇಕಾದಷ್ಟು ತೆಗೆದುಕೊಳ್ಳಲಿ, ಮಾತು ಆಮೇಲೆ.

ಎದುರಿನವರಿಗೆ ಯಾವುದು ಬೇಕು ಎನ್ನುವ ನಮ್ಮ ಊಹೆ ಎರಡೂ ಕಡೆ ತಪ್ಪುತ್ತದೆ. ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಎಂಬ ಸಂಶೋಧಕರು ಶಿಕಾಗೋದ ಲೋಕಲ್ ರೈಲು, ಬಸ್ಸಿನಲ್ಲಿ ದಿನಾ ಓಡಾಡುವವರ ಮೇಲೆ ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದರು. ಕೆಲವರಿಗೆ ಪಕ್ಕದ ಅಪರಿಚಿತರ ಜೊತೆ ಮಾತಾಡಿ ಎಂದರು. ಕೆಲವರಿಗೆ ಒಬ್ಬರೇ ಇರಿ ಎಂದರು. ಇನ್ನು ಕೆಲವರಿಗೆ ದಿನಾ ಹೇಗೋ ಹಾಗೇ ಇರಿ ಎಂದರು. ಮಾತಾಡಿದರೆ ಪ್ರಯಾಣ ಹಾಳಾಗುತ್ತದೆ ಎಂದು ಜನ ಊಹಿಸಿದ್ದರು. ಮಾತಾಡಿದವರ ಪ್ರಯಾಣವೇ ಹೆಚ್ಚು ಖುಷಿಯಾಗಿತ್ತು. ಎಲ್ಲರೂ ‘ಅವರಿಗೆ ಮಾತು ಬೇಡವೇನೋ’ ಎಂದುಕೊಂಡು ಸುಮ್ಮನಿದ್ದರೆ, ಬೇಕಿದ್ದವರೂ ಬಾಯಿ ಮುಚ್ಚಿಕೊಂಡೇ ಇಳಿದು ಹೋಗುತ್ತಾರೆ.

ಇದನ್ನು ಓದಿ ನಾಳೆಯಿಂದಲೇ ಮೆಟ್ರೋದಲ್ಲಿ ಎಲ್ಲರನ್ನೂ ಮಾತಾಡಿಸಲು ಹೊರಡುವ ಮೊದಲು ಒಂದು ಮಾತು. ಒಬ್ಬರೇ ಪ್ರಯಾಣ ಮಾಡುವ ಹೆಂಗಸರಿಗೆ ‘ಯಾವೂರು? ಮದುವೆ ಆಗಿದೆಯಾ? ಒಬ್ಬರೇನಾ?’ ಎನ್ನುವ ಪ್ರಶ್ನೆಗಳು ಗಂಡಸರಿಗೆ ಕೇಳಿಸಿದ ಹಾಗೆ ಕೇಳಿಸುವುದಿಲ್ಲ. ಬಸ್ಸಿನಲ್ಲಿ ‘ಜಾತಿ ಯಾವುದು?’ ಎಂದು ನೇರ ಕೇಳದೆ ‘ಯಾವ ಪೈಕಿ?’, ‘ಮನೆದೇವರು ಯಾವುದು?’ ಎಂದು ಸುತ್ತಿಬಳಸಿ ಕೇಳುವವರ ಆತ್ಮೀಯತೆಯೂ ಎಲ್ಲರಿಗೂ ಆತ್ಮೀಯ ಅನ್ನಿಸುವುದಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಒಂದೇ ಪದದಲ್ಲಿ ಬಂದು, ತಿರುಗಿ ನಮ್ಮ ಊರನ್ನು ಅವರು ಕೇಳದಿದ್ದರೆ, ಎರಡನೆಯ ಪ್ರಶ್ನೆ ಬೇಡ.

‘ನೀನು’ ಮತ್ತು ‘ನೀವು’

ಬ್ರೌನ್ ಮತ್ತು ಲೆವಿನ್ಸನ್ ಅವರ ಲೆಕ್ಕವನ್ನು ಒಪ್ಪದವರೂ ಇದ್ದಾರೆ. ಜಪಾನಿನ ಭಾಷಾಶಾಸ್ತ್ರಜ್ಞೆ ಸಾಚಿಕೋ ಇದೆ ಎಂಬವರು 1989ರಲ್ಲಿ ಒಂದು ಒಳ್ಳೆ ತಕರಾರು ಎತ್ತಿದರು. ನಯವಾದ ಮಾತನ್ನು ಏನೋ ಕೆಲಸ ಆಗಬೇಕೆಂದು ಬಳಸುವ ಉಪಾಯ ಎನ್ನುತ್ತೀರಿ. ನಮ್ಮಲ್ಲಿ ಅದು ಉಪಾಯವಲ್ಲ, ಎದುರಿನವರ ಸ್ಥಾನ ನೋಡಿ ಆಡಲೇಬೇಕಾದ ಮಾತು. ಕನ್ನಡದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ‘ಯು’ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಕನ್ನಡದಲ್ಲಿ ‘ಬಾ’ ಅನ್ನಬೇಕು ಇಲ್ಲವೇ ‘ಬನ್ನಿ’ ಅನ್ನಬೇಕು. ಮಧ್ಯದ ಜಾಗವೇ ಇಲ್ಲ. ಬಾಯಿ ತೆರೆದ ಕೂಡಲೇ ಎದುರಿನವರನ್ನು ಎಲ್ಲಿ ಕೂರಿಸಿದ್ದೇವೆ ಎಂದು ಗೊತ್ತಾಗಿಬಿಡುತ್ತದೆ.

ಆದರೆ ಏಕವಚನ ಎಂದ ಕೂಡಲೇ ಅವಮಾನ ಅಂತಲ್ಲ. ಬಹಳ ಮನೆಗಳಲ್ಲಿ ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’. ದೇವರಿಗೆ ಎಲ್ಲರೂ ‘ನೀನು’. ಹಳೇ ಮೈಸೂರು ಕಡೆಯ ಹಳ್ಳಿಯಲ್ಲಿ ‘ಬಾರಣ್ಣ, ಕೂತ್ಕೊ’ ಎಂದರೆ ಅದರಲ್ಲಿ ಪ್ರೀತಿಯೂ ಇದೆ, ಮರ್ಯಾದೆಯೂ ಇದೆ. ಉತ್ತರ ಕರ್ನಾಟಕದವರು ಒಂದು ‘ರೀ’ಯಲ್ಲಿ, ಮಂಗಳೂರಿನವರು ಒಂದು ‘ಮಾರಾಯ್ರೇ’ಯಲ್ಲಿ ಗೌರವ, ಸಲುಗೆ ಎರಡನ್ನೂ ಒಟ್ಟಿಗೆ ಹೊಂದಿಸಿಬಿಡುತ್ತಾರೆ.

ಹಾಗಾದರೆ ತಕರಾರು ಎಲ್ಲಿ? 1960ರಲ್ಲಿ ರೋಜರ್ ಬ್ರೌನ್ (ಇವರು ಬೇರೆ ಬ್ರೌನ್) ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ಸಂಶೋಧಕರು ಯುರೋಪಿನ ಭಾಷೆಗಳನ್ನು ನೋಡಿ ಒಂದು ಸರಳ ಪರೀಕ್ಷೆ ಕೊಟ್ಟರು. ಆ ಪದ ಹೋದ ಹಾಗೇ ವಾಪಸ್ ಬರುತ್ತದೆಯಾ ನೋಡಿ. ಇಬ್ಬರೂ ‘ನೀನು’ ಎಂದರೆ ಅದು ಸ್ನೇಹ. ಇಬ್ಬರೂ ‘ನೀವು’ ಎಂದರೆ ಪರಸ್ಪರ ಗೌರವ. ಒಬ್ಬರು ‘ನೀನು’, ಇನ್ನೊಬ್ಬರು ‘ನೀವು’ ಎಂದರೆ ಅಲ್ಲಿ ಮಾತಾಡುತ್ತಿರುವುದು ಅಧಿಕಾರ. ಅರವತ್ತು ದಾಟಿದ ಮನೆಗೆಲಸದವರನ್ನು ಇಪ್ಪತ್ತರ ಹುಡುಗಿ ‘ಬಾ, ಹೋಗು’ ಎನ್ನುತ್ತಾಳೆ, ಅವರು ತಿರುಗಿ ‘ಹೂಂ ಅಮ್ಮಾ, ಬಂದೆ’ ಎನ್ನುತ್ತಾರೆ. ಹಳ್ಳಿಯಲ್ಲಿ ಇಂಥ ಜಾತಿಯವರಿಗೆ ವಯಸ್ಸು ಎಷ್ಟೇ ಆಗಿರಲಿ ಏಕವಚನ ಎನ್ನುವ ಲೆಕ್ಕ ಎಷ್ಟು ಕಾಲದಿಂದ ನಡೆದು ಬಂದಿದೆ ಎಂದು ಎಲ್ಲರಿಗೂ ಗೊತ್ತು. ನಮ್ಮ ಹಿರಿಯರ ಸೌಜನ್ಯವನ್ನು ಹೊಗಳುವಾಗ ಅದು ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂದೂ ಕೇಳಬೇಕು. ಮೇಲಕ್ಕೆ ಧಾರಾಳವಾಗಿ ಹರಿದು ಕೆಳಕ್ಕೆ ಒಂದು ಹನಿಯೂ ಇಳಿಯದಿದ್ದರೆ ನಾನು ಅದನ್ನು ಭಯ ಎನ್ನುತ್ತೇನೆ.

ಇದನ್ನು ಸಮ ಮಾಡಲು ಎರಡು ದಾರಿ. ಒಂದು, ಎಲ್ಲರನ್ನೂ ‘ನೀನು’ ಅನ್ನುವುದು. 17ನೇ ಶತಮಾನದ ಇಂಗ್ಲೆಂಡಿನ ಕ್ವೇಕರ್ ಪಂಥದವರು ಹಾಗೇ ಮಾಡಿದರು. ನ್ಯಾಯಾಧೀಶರನ್ನೂ ಏಕವಚನದಲ್ಲಿ ಮಾತಾಡಿಸಿ, ಅವರ ಮುಂದೆ ಟೋಪಿ ತೆಗೆಯದೆ ನಿಂತು, ಪೆಟ್ಟು ತಿಂದರು, ಜೈಲು ಸೇರಿದರು. ಸ್ವೀಡನ್ನಿನಲ್ಲಿ ಇದೇ ಕೆಲಸ ಜಗಳವಿಲ್ಲದೆ ಆಯಿತು. 1967ರಲ್ಲಿ ಅಲ್ಲಿನ ವೈದ್ಯಕೀಯ ಮಂಡಳಿಯ ಮುಖ್ಯಸ್ಥ ಬ್ರೋರ್ ರೆಕ್ಸೆಡ್ ತಮ್ಮ ಸಿಬ್ಬಂದಿಯನ್ನೆಲ್ಲ ‘ದು’, ಅಂದರೆ ನಮ್ಮ ‘ನೀನು’ ಎಂದೇ ಕರೆಯುವುದಾಗಿ ಹೇಳಿದರು. ಅಷ್ಟು ಹೊತ್ತಿಗಾಗಲೇ ಗಾಳಿ ಆ ಕಡೆ ಬೀಸುತ್ತಿತ್ತು. ಕೆಲವೇ ವರ್ಷಗಳಲ್ಲಿ ಇಡೀ ದೇಶ ಹಾಗೆ ಮಾತಾಡತೊಡಗಿತು.

ಇನ್ನೊಂದು ದಾರಿ ಎಲ್ಲರನ್ನೂ ‘ನೀವು’ ಅನ್ನುವುದು. ನಮಗೆ ಹೊಂದುವುದು ಇದೇ. 2021ರಲ್ಲಿ ಕೇರಳ ಹೈಕೋರ್ಟ್, ಪೊಲೀಸರು ಜನರನ್ನು ‘ಎಡಾ’, ‘ಎಡೀ’, ‘ನೀ’ ಎಂದೆಲ್ಲ ಕರೆಯಕೂಡದು ಎಂದು ಹೇಳಿತು. ನಮ್ಮ ‘ಲೋ’, ‘ಲೇ’, ‘ಏನೋ’ಗಳ ಮಲಯಾಳದ ಅಣ್ಣತಮ್ಮಂದಿರು ಇವು. ಠಾಣೆಗೆ ದೂರು ಕೊಡಲು ಹೋದವರಿಗೆ ಮೊದಲ ಪದದಲ್ಲೇ ತಮ್ಮ ಮಾತಿಗೆ ಇಲ್ಲಿ ಬೆಲೆ ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ, ಅಲ್ವಾ?

ಸೌಜನ್ಯ ಕೊಲ್ಲುವುದೂ ಉಂಟು

ಇಷ್ಟು ಹೊತ್ತು ಹೇಳಿದ್ದು ಕೇಳಿ, ಸೌಜನ್ಯ ಎಂದರೆ ಯಾರಿಗೂ ನೋವಾಗದ ಹಾಗೆ ಮಾತಾಡುವುದು ಅಷ್ಟೇ ತಾನೇ ಅನ್ನಿಸಬಹುದು. ಅರಿಸ್ಟಾಟಲ್ ಇದನ್ನು ಒಪ್ಪುವುದಿಲ್ಲ. (ಅವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಇಷ್ಟು ಹಳಬರನ್ನು ಕನ್ನಡ ದೇವರ ಸಾಲಿಗೆ ಸೇರಿಸಿಬಿಡುತ್ತದೆ.) ಜನರ ಜೊತೆ ಸ್ನೇಹದಿಂದ ನಡೆದುಕೊಳ್ಳುವುದನ್ನು ಅವನು ಒಂದು ಗುಣವೆಂದೇ ಎಣಿಸಿದ. ಅದಕ್ಕೆ ಸರಿಯಾದ ಹೆಸರಿಲ್ಲ ಎಂದೂ ಹೇಳಿದ. ಗೆಳೆತನದ ಹತ್ತಿರದ್ದು, ಆದರೆ ಗೆಳೆತನವಲ್ಲ. ಗೆಳೆಯನ ಮೇಲೆ ಪ್ರೀತಿ ಇರುತ್ತದೆ, ಇಲ್ಲಿ ಪ್ರೀತಿ ಬೇಕಿಲ್ಲ. ಪರಿಚಯ ಇಲ್ಲದವರ ಜೊತೆಗೂ ತಕ್ಕ ಹಾಗೆ ಇರಬಲ್ಲವನೇ ಈ ಗುಣದವನು.

ಈ ಗುಣದ ಒಂದು ಪಕ್ಕದಲ್ಲಿ ಸಿಡುಕರು, ಎಲ್ಲದಕ್ಕೂ ತಕರಾರು ತೆಗೆಯುವವರು. ಇನ್ನೊಂದು ಪಕ್ಕದಲ್ಲಿ ಎಲ್ಲದಕ್ಕೂ ತಲೆಯಾಡಿಸುವವರು. ಈ ತಲೆಯಾಡಿಸುವವರನ್ನು ಅವನು ಮತ್ತೆ ಎರಡು ಮಾಡುತ್ತಾನೆ. ಲಾಭಕ್ಕಾಗಿ ಹೌದೆನ್ನುವವನು ಹೊಗಳುಭಟ್ಟ. ಯಾವ ಲಾಭವೂ ಇಲ್ಲದೆ, ಸುಮ್ನೆ ಯಾರಿಗೂ ಬೇಜಾರಾಗಬಾರದೆಂದು ಹೌದೆನ್ನುವವನು ಬೇರೆ. ಹೊಗಳುಭಟ್ಟರನ್ನು ನಾವು ಬೇಗ ಗುರುತಿಸುತ್ತೇವೆ. ಎರಡನೆಯವರನ್ನು ‘ಪಾಪ, ಒಳ್ಳೆಯವರು’ ಎಂದು ಬಿಟ್ಟುಬಿಡುತ್ತೇವೆ. ಅರಿಸ್ಟಾಟಲ್ ಬಿಡುವುದಿಲ್ಲ. ಎದುರಿನವನಿಗೆ ಕೇಡಾಗುವ ಅಥವಾ ಅವನಿಗೆ ತಲೆತಗ್ಗಿಸುವಂಥದ್ದು ನಡೆಯುತ್ತಿದ್ದರೆ ಒಳ್ಳೆಯವನು ಸಣ್ಣ ನೋವು ಕೊಟ್ಟಾದರೂ ಬೇಡವೆನ್ನುತ್ತಾನೆ. 13ನೇ ಶತಮಾನದಲ್ಲಿ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್ ಈ ಗುಣವನ್ನು ನ್ಯಾಯದ ಜೊತೆಗೇ ಸೇರಿಸಿದ. ಮನುಷ್ಯರು ಒಟ್ಟಿಗೆ ಬದುಕಬೇಕಾದವರು, ಹಾಗಾಗಿ ಇದು ಒಬ್ಬರಿಗೊಬ್ಬರು ತೀರಿಸಬೇಕಾದ ಋಣ ಎನ್ನುವುದು ಅವನ ವಾದ.

ಯಾರಿಗೂ ಬೇಜಾರಾಗಬಾರದೆಂಬ ಮಾತಿನ ಬೆಲೆ ಎಷ್ಟು ದುಬಾರಿ ಆಗಬಹುದು ಎಂಬುದಕ್ಕೆ ವಿಮಾನದ ಕಾಕ್‌ಪಿಟ್‌ಗಳಲ್ಲಿ ದಾಖಲೆಯೇ ಇದೆ. 1982ರ ಜನವರಿ 13, ವಾಷಿಂಗ್ಟನ್ ನಗರ. ಹಿಮ ಸುರಿಯುತ್ತಿತ್ತು. ಏರ್ ಫ್ಲೋರಿಡಾದ ಬೋಯಿಂಗ್ 737 ವಿಮಾನ ಹೊರಡಲು ಕಾಯುತ್ತಿತ್ತು. ಎಂಜಿನ್ನಿನ ಹಿಮ ಕರಗಿಸುವ ವ್ಯವಸ್ಥೆಯನ್ನು ಆನ್ ಮಾಡಿರಲಿಲ್ಲ. ಸೆನ್ಸರುಗಳಲ್ಲಿ ಮಂಜು ಕಟ್ಟಿ, ಎಂಜಿನ್ ನಿಜವಾಗಿ ಕೊಡುತ್ತಿದ್ದುದಕ್ಕಿಂತ ಜಾಸ್ತಿ ಬಲವನ್ನು ಮೀಟರ್ ತೋರಿಸುತ್ತಿತ್ತು. ವಿಮಾನ ಓಡಿಸುತ್ತಿದ್ದ ಸಹ ಪೈಲಟ್‌ಗೆ ಏನೋ ಸರಿಯಿಲ್ಲ ಎಂದು ಕಂಡಿತ್ತು. ಪಕ್ಕದ ವಿಮಾನದ ಮೇಲೆ ಮಂಜು ಕಟ್ಟಿರುವುದನ್ನು ಮೊದಲೇ ಕ್ಯಾಪ್ಟನ್‌ಗೆ ತೋರಿಸಿದ್ದರು. ರನ್‌ವೇಯಲ್ಲಿ ಓಡುವಾಗ ಇದು ಸರಿ ಕಾಣುತ್ತಿಲ್ಲ ಅಲ್ವಾ ಎಂದರು. ಸರಿಯಾಗೇ ಇದೆ ಎಂದರು ಕ್ಯಾಪ್ಟನ್. ಇಲ್ಲ, ಸರಿಯಿಲ್ಲ ಅನ್ನಿಸುತ್ತದೆ, ಬಹುಶಃ ಇರಬಹುದೇನೋ ಎಂದು ಸಹ ಪೈಲಟ್ ಹಿಂದೆ ಸರಿದರು. ವಿಮಾನ ಮೇಲೇರಲಾಗದೆ ಸೇತುವೆಗೆ ಬಡಿದು, ಹೆಪ್ಪುಗಟ್ಟಿದ್ದ ಪೊಟೋಮ್ಯಾಕ್ ನದಿಗೆ ಬಿತ್ತು. ವಿಮಾನದಲ್ಲಿದ್ದ 74 ಜನ, ಸೇತುವೆಯ ಮೇಲಿದ್ದ 4 ಜನ ಸತ್ತರು. ಬದುಕುಳಿದವರು 5 ಜನ.

ಮನುಷ್ಯ ಹೆದರಿದ್ದಾಗಲೂ ಮೇಲಿನವರ ಮುಖ ಉಳಿಸುವ ಅಭ್ಯಾಸ ಬಿಡುವುದಿಲ್ಲ. ಶಾರ್ಲೆಟ್ ಲಿಂಡ್ ಎಂಬ ಭಾಷಾಶಾಸ್ತ್ರಜ್ಞೆ ವಿಮಾನ ಸಿಬ್ಬಂದಿಯ ಮಾತುಗಳ ದಾಖಲೆಗಳನ್ನು ಕೂತು ಓದಿ 1988ರಲ್ಲಿ ಇದನ್ನೇ ತೋರಿಸಿದರು. ಕೆಳಗಿನವರು ಮೇಲಿನವರಿಗೆ ಹೇಳುವಾಗ ಮಾತನ್ನು ಜಾಸ್ತಿ ಮೆದು ಮಾಡುತ್ತಾರೆ. ಹಾಗೆ ಮೆದುವಾದ ಸಲಹೆ ಯಾರ ಕಿವಿಗೂ ಬೀಳದೆ ಹೋಗುವ ಸಾಧ್ಯತೆಯೂ ಜಾಸ್ತಿ. ಇದರ ಪಾಠವನ್ನು ವಿಮಾನಯಾನದವರು ಆಗಲೇ ಕಲಿಯತೊಡಗಿದ್ದರು. 1978ರ ಡಿಸೆಂಬರಿನಲ್ಲಿ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಕಂಪನಿಯ ವಿಮಾನವೊಂದು ಇಂಧನ ಮುಗಿದು ಬಿದ್ದು 10 ಜನ ಸತ್ತಿದ್ದರು. ಕ್ಯಾಪ್ಟನ್ ಚಕ್ರದ ತೊಂದರೆಯಲ್ಲಿ ಮುಳುಗಿದ್ದರು, ಉಳಿದವರು ಗಟ್ಟಿಯಾಗಿ ಹೇಳಲಿಲ್ಲ. 1981ರಲ್ಲಿ ಅದೇ ಕಂಪನಿ ಹೊಸ ತರಬೇತಿ ಶುರು ಮಾಡಿತು. ಅದು ನಿಧಾನವಾಗಿ ಜಗತ್ತಿನ ವಿಮಾನಯಾನದ ತುಂಬ ಹಬ್ಬಿತು. ಅದರಲ್ಲಿ ಎರಡು ಪಾಠ. ಕೆಳಗಿನವರು ಕಂಡದ್ದನ್ನು ಸ್ಪಷ್ಟವಾಗಿ ಹೇಳಬೇಕು: ‘ಕ್ಯಾಪ್ಟನ್, ನನಗೆ ಆತಂಕ ಆಗುತ್ತಿದೆ, ರೀಡಿಂಗ್ ಸರಿಯಿಲ್ಲ, ನಿಲ್ಲಿಸೋಣ.’ ಮೇಲಿನವರು ಆ ಮಾತು ಬರಲು ಜಾಗ ಬಿಡಬೇಕು. ನನಗೆ ಎರಡನೆಯದೇ ದೊಡ್ಡದು ಅನ್ನಿಸುತ್ತದೆ. ಜೋರಾಗಿ ಮಾತಾಡು ಎಂದು ಕಿರಿಯರಿಗೆ ಹೇಳುವುದು ಸುಲಭ. ಕೇಳಿಸಿಕೊಳ್ಳಲು ಹಿರಿಯರನ್ನು ತಯಾರು ಮಾಡುವುದು ಕಷ್ಟ.

ಒರಟುತನದಿಂದಲೂ ಇದೇ ನಷ್ಟ. ಆರಿಕ್ ರಿಸ್ಕಿನ್ ಮತ್ತು ಸಂಗಡಿಗರು ಇಸ್ರೇಲಿನಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದ 24 ತಂಡಗಳಿಗೆ ಒಂದು ಅಣಕು ಪರೀಕ್ಷೆ ಇಟ್ಟರು. ಬೊಂಬೆಯೇ ರೋಗಿ, ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಸ್ಥಿತಿ ಹದಗೆಡುತ್ತಿದೆ. ಕೆಲವು ತಂಡಗಳಿಗೆ ಹೊರದೇಶದ ತಜ್ಞರೊಬ್ಬರು ಇಲ್ಲಿನ ವೈದ್ಯಕೀಯದ ಗುಣಮಟ್ಟ ಅಷ್ಟಕ್ಕಷ್ಟೇ ಎಂಬಂಥ ಮಾತಾಡಿದರು. ಬೈಗುಳವಿಲ್ಲ, ಕೂಗಾಟವಿಲ್ಲ, ಸಣ್ಣ ಕೊಂಕು ಅಷ್ಟೇ. ಉಳಿದ ತಂಡಗಳಿಗೆ ಸಾಧಾರಣ ಮಾತು. ಯಾವ ತಂಡಕ್ಕೆ ಏನು ಹೇಳಲಾಗಿದೆ ಎಂದು ಗೊತ್ತಿಲ್ಲದ ಪರೀಕ್ಷಕರು ಅಂಕ ಕೊಟ್ಟರು. ಕೊಂಕು ಕೇಳಿದ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆ ಮಾಡುವುದರಲ್ಲೂ ಹಿಂದೆ ಬಿದ್ದಿದ್ದವು. 2015ರಲ್ಲಿ ಪ್ರಕಟವಾದ ಈ ಅಧ್ಯಯನ ಕಾರಣವನ್ನೂ ಹೇಳುತ್ತದೆ. ಆ ತಂಡದವರು ಒಬ್ಬರಿಗೊಬ್ಬರು ಮಾಹಿತಿ ಹೇಳುವುದು, ಸಹಾಯ ಕೇಳುವುದು ಕಡಿಮೆಯಾಗಿತ್ತು. ಅಂದರೆ ಅತಿ ನಯವೂ ಒರಟುತನವೂ ಕೊನೆಗೆ ಒಂದೇ ಬಾಗಿಲು ಮುಚ್ಚುತ್ತವೆ. ಗೊತ್ತಿದ್ದವರು ಹೇಳುವುದಿಲ್ಲ, ಗೊತ್ತಿಲ್ಲದವರು ಕೇಳುವುದಿಲ್ಲ.

ಸಂಬಳಕ್ಕೆ ನಗುವವರು

ಇನ್ನು ಉಳಿದದ್ದು ದುಡ್ಡಿನ ವಿಷಯ. 1983ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಪರಿಚಾರಕಿಯರನ್ನು ಅಧ್ಯಯನ ಮಾಡಿ, ಅವರು ಮಾರುತ್ತಿರುವುದು ಮೈ ದುಡಿಮೆಯನ್ನಷ್ಟೇ ಅಲ್ಲ, ಮನಸ್ಸಿನ ದುಡಿಮೆಯನ್ನೂ ಎಂದರು. ಒಳಗೆ ಏನೇ ಇರಲಿ, ಹೊರಗೆ ನಗು ಇರಲೇಬೇಕು. ಇವತ್ತು ಕಾಲ್ ಸೆಂಟರಿನವರು, ಮಾಲ್‌ನ ಅಂಗಡಿಯವರು, ಆಸ್ಪತ್ರೆಯ ರಿಸೆಪ್ಷನ್ನಿನವರು ಎಲ್ಲರೂ ಇದೇ ದುಡಿಮೆ ಮಾಡುತ್ತಿದ್ದಾರೆ. ಅವರ ನಗು ಸುಳ್ಳು ಎಂದು ಆಡಿಕೊಳ್ಳುವವರು ಆ ಎಂಟು ಗಂಟೆಯ ಪಾಳಿಯನ್ನು ಒಂದು ದಿನ ಮಾಡಿ ನೋಡಲಿ.

ಮನೆಗೆ ಊಟ, ಪಾರ್ಸೆಲ್ ತರುವವರನ್ನೇ ನೋಡಿ. ಫೋನಿನಲ್ಲಿ ಅವರು ಪ್ರತಿ ವಾಕ್ಯಕ್ಕೂ ‘ಸರ್’, ‘ಮೇಡಂ’ ಸೇರಿಸುತ್ತಾರೆ. ಈಚೆಗೆ ನಾವೂ ‘ನೀವು’ ಎನ್ನುತ್ತೇವೆ, ಒಳ್ಳೆಯದು. ಆದರೆ ಅದೇ ಹೊತ್ತಿಗೆ ಎಷ್ಟೋ ಅಪಾರ್ಟ್‌ಮೆಂಟುಗಳ ಲಿಫ್ಟಿನ ಪಕ್ಕ ‘ಡೆಲಿವರಿಯವರು, ಕೆಲಸದವರು ಈ ಲಿಫ್ಟ್ ಬಳಸಬಾರದು’ ಎಂಬ ಬೋರ್ಡೂ ತೂಗುತ್ತಿರುತ್ತದೆ. ಸಮಿತಿಯ ಸಭೆಯಲ್ಲಿ ಕೂತು ಆ ಬೋರ್ಡಿಗೆ ಹೂಂ ಅಂದವರೂ ನಾವೇ. ಯಾರಿಗೂ ಬೇಜಾರಾಗಬಾರದು ಎಂದು ಸುಮ್ಮನೆ ತಲೆಯಾಡಿಸಿದವರೂ ಆ ಸಭೆಯಲ್ಲಿ ಇದ್ದೇ ಇರುತ್ತಾರೆ. ಮುಂದಿನ ಸಭೆಯಲ್ಲಿ ‘ಆ ಬೋರ್ಡು ತೆಗೆಯೋಣ’ ಎಂದು ಒಬ್ಬರು ಎದ್ದು ನಿಂತರೆ ನಾಲ್ಕು ಜನಕ್ಕೆ ಕಿರಿಕಿರಿ ಆಗುತ್ತದೆ. ಆಗಲಿ.